ಕೊಳ್ಳಿ

"ಅವನ ಮಾತು ಅವನ ಉಡಿಯಾಗನ ಹಾಕ್ತೇನಿ, ಯಪ್ಪಾ" ಎಂದು ಕಾಮಣ್ಣ ಹೇಳಿದ್ದು ಅಪ್ಪನ ಗುಂಡಿಯ ಅಂಚಿಗೆ ನಿಂತು, ಮುಷ್ಟಿಯಲ್ಲಿ ಬೀರೇಶ್ವರನ ಭಂಡಾರ ಹಿಡಿದುಕೊಂಡು. ಮಣ್ಣು ಎಳೆಯುವ ಮೊದಲು ಆ ಅರಿಷಿಣದ ಪುಡಿಯನ್ನು ಹೆಣದ ಎದೆಯ ಮೇಲೆ ಹಾರಿಸಿದ್ದ. ಭಂಡಾರ ಮುಟ್ಟಿ ಆಡಿದ ಮಾತಿಗೆ ತಪ್ಪಬಾರದು, ಭಂಡಾರ ಹಚ್ಚಿಕೊಂಡು ಸುಳ್ಳು ಹೇಳಬಾರದು ಎಂಬುದು ಅವರ ಹಟ್ಟಿಯಲ್ಲಿ ಕೂಸುಗಳಿಗೂ ಗೊತ್ತಿದ್ದ ಸಂಗತಿ. ಅದು ಎರಡು ಸಾವಿರದ ಇಸವಿಯ ಬೇಸಿಗೆ. ಆಮೇಲೆ ಆಣೆಕಟ್ಟಿನ ಹಿನ್ನೀರು ಏರಿತು. ಅನಗವಾಡಿಯ ದಂಡೆಯ ಹೊಲದ ಜೊತೆಗೆ ಅಪ್ಪನ ಗುಂಡಿಯೂ ನೀರಿನ ಕೆಳಗೆ ಹೋಯಿತು. ಕಾಮಣ್ಣ ತಾಯಿ ಸಾತವ್ವನನ್ನು ಕರೆದುಕೊಂಡು ಬನಹಟ್ಟಿಗೆ ಬಂದು ಪಾವರಲೂಮಿನ ಮೋಟರು ರಿಪೇರಿಗೆ ನಿಂತ.

ಹನ್ನೊಂದು ವರ್ಷದ ಮೇಲೆ, ಒಂದು ದಿನ ಮುಂಜಾನೆ, ಬೋರವ್ವ ಮಗ್ಗದ ಖೋಲಿಯ ಬಾಗಿಲಿಗೆ ಬಂದು ಕೂಗಿದಳು. ಅವಳು ಕಾಮಣ್ಣ ಬಾಡಿಗೆಗಿದ್ದ ಮನೆಯ ಮಾಲಕಿಯೂ ಹೌದು, ಆ ಖೋಲಿಯ ಆರು ಮಗ್ಗಗಳ ಒಡತಿಯೂ ಹೌದು.

"ಏ ಚುಕ್ಕಿ ಕಾಮಣ್ಣಾ, ನೀ ಮ್ಯಾಲೆ ನೋಡಿದ ಚುಕ್ಕಿ ಜೀಪ್ ಹತ್ತಿ ಕೆಳಗ ಬಂದೈತಿ ನೋಡಪಾ."

ಮಗ್ಗಗಳ ಖಟಖಟದಲ್ಲಿ ಕಾಮಣ್ಣನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮೋಟರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಕೂದಲ ತುಂಬ ಹತ್ತಿಯ ಧೂಳು.

"ಯಾರ ಬಂದಾರಬೇ?"

"ಮಿಲಿಟ್ರಿಯವರು. ಒಬ್ಬಾಕಿ ಹೆಣ್ಮಗಳು, ನಮ್ಮಂಗನ ಮಾತಾಡ್ತಾಳ. ಇನ್ನೊಬ್ಬಾಂವ ಕೆಂಪ ಮೂತಿ ಮನಶ್ಯಾ. ಬಕ್ಷಿ ಅಂತ ಹೇಳು ಅಂದಾ."

ಕಾಮಣ್ಣನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು. ಅದನ್ನು ಬಟ್ಟೆಯಿಂದ ಒರೆಸಿದ, ನಿಧಾನವಾಗಿ ಅದರ ಹಲ್ಲುಗಳ ಸಂದನ್ನೂ ಒರೆಸಿದ. ಹೊರಗೆ ಬಂದು ಓಣಿಯ ಆಚೆ ತನ್ನ ಮನೆಯ ಕಡೆ ನೋಡಿದ. ಕಟ್ಟೆಯ ಮೇಲಿನ ಹೊರಸಿನಲ್ಲಿ ಬಕ್ಷಿ ಕುಳಿತಿದ್ದ. ಕೂದಲು ಬೆಳ್ಳಗಾಗಿತ್ತು. ಕುಳಿತ ಗತ್ತು ಮಾತ್ರ ಅದೇ.

"ಮಷೀನ್ ಬಿಚ್ಚೇನಿ, ಮುಗಿಸಿ ಬರ್ತಾನಂತ ಹೇಳು. ಕುಂದರಲಿ" ಎಂದ.

"ಎಷ್ಟೊತ್ತಾಗ್ತದಂತ ಹೇಳ್ಲಿ? ಆ ಮೋಟರಿಗೆ ಏನೂ ಆಗಿಲ್ಲಲ್ಲೋ ಭಾಡ್ಯಾ."

"ಇನ್ನ ಆಗ್ತದ" ಎಂದು ಕಾಮಣ್ಣ ಒಳಗೆ ಹೋಗಿ, ಸರಿಯಾಗಿದ್ದ ಇನ್ನೊಂದು ಮೋಟರನ್ನು ಬಿಚ್ಚತೊಡಗಿದ.

ಅವನ ಅಪ್ಪನೂ ಒಮ್ಮೆ ಹೀಗೆಯೇ ಕಾಯುತ್ತ ಕುಳಿತಿದ್ದ, ವಾಯುನೆಲೆಯ ಗೇಟಿನ ಹೊರಗೆ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ.

ಕಾರ್ಗಿಲ್ ಕಾಳಗ ನಡೆದ ವರ್ಷದ ಮಾತು ಅದು. ಕಾಮಣ್ಣ ವಾಯುಪಡೆಯ ಸಾಗಣೆ ವಿಮಾನದಲ್ಲಿ ಎಂಜಿನಿಯರ್. ಅವನ ಜಾಗ ಇಬ್ಬರು ಪೈಲಟ್‌ಗಳ ನಡುವೆ, ತುಸು ಹಿಂದೆ. ನಾಗಪುರದಿಂದ ಬೆಳಗಾವಿಗೆ ಬರುತ್ತಿದ್ದರು, ಸಂಜೆ ಮಬ್ಬು. ವಿಜಾಪುರ ದಾಟಿದ ಮೇಲೆ ಕೆಳಗೆ ಕೃಷ್ಣೆ ಕಂಡಿತು. ಬೀಳಗಿ ಎಲ್ಲಿ, ಅನಗವಾಡಿ ಎಲ್ಲಿ ಎಂದು ಕಾಮಣ್ಣ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಆಗ ಎಡಗಡೆ ಅದು ಕಾಣಿಸಿತು. ವಿಮಾನದ ದೀಪವಲ್ಲ, ಮಿಂಚೂ ಅಲ್ಲ. ಒಲೆಯಿಂದ ಉರಿಯುವ ಕಟ್ಟಿಗೆ ಹಿರಿದು ಯಾರೋ ಕೈಯಲ್ಲಿ ಬೀಸಿದ ಹಾಗೆ ಕೆಂಪಗೆ ಬಂತು, ಇವರ ಸರಿಸಮ ನಿಂತಿತು, ನಿಂತಲ್ಲಿಂದಲೇ ಮೇಲಕ್ಕೆ ಹೋಯಿತು. ಊರಿನ ಗುಂಗಿನಲ್ಲಿದ್ದ ಕಾಮಣ್ಣನ ಬಾಯಿಂದ ಹಿಂದಿ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. "ಕೊಳ್ಳಿ! ಕೊಳ್ಳಿ!" ಎಂದು ಮೈಕಿನಲ್ಲಿ ಕೂಗಿದ.

ವಿಮಾನ ನಡೆಸುತ್ತಿದ್ದ ಬಕ್ಷಿ ಅತ್ತ ಮುಖ ತಿರುಗಿಸಿದ್ದ. ಅವನ ಗಲ್ಲದ ಮೇಲೆ ಆ ಕೆಂಪು ಬೆಳಕು ಬಿದ್ದಿದ್ದನ್ನು ಕಾಮಣ್ಣ ಕಣ್ಣಾರೆ ಕಂಡ. ಮರುಗಳಿಗೆ ಬಕ್ಷಿ ವಿಮಾನವನ್ನು ಬಲಕ್ಕೆ ಎಳೆದ ರಭಸಕ್ಕೆ ಹಿಂದಿನ ಸಾಮಾನಿನ ಪಟ್ಟಿ ಹರಿದು, ಒಬ್ಬ ಸಿಪಾಯಿಯ ಕಾಲು ಜಜ್ಜಿಹೋಯಿತು.

ವಿಚಾರಣೆಗೆ ಚೌಕಶಿ ಕೂತಿತು. ಬಕ್ಷಿ ಹೇಳಿದ: "ಎಂಜಿನಿಯರ್ 'ಗೋಲಿ, ಗೋಲಿ' ಎಂದು ಕಿರುಚಿದ. ಕೆಳಗಿನಿಂದ ಗುಂಡು ಹಾರಿತೆಂದು ತಿರುಗಿಸಿದೆ. ಹೊರಗೆ ನಾನೇನೂ ನೋಡಿಲ್ಲ." ಇನ್ನೊಬ್ಬ ಪೈಲಟ್ ಆಗ ತನ್ನ ಮುಂದಿನ ಮೀಟರುಗಳ ಮುಳ್ಳುಗಳನ್ನು ನೋಡುತ್ತಿದ್ದನಂತೆ. ಗೋಲಿಯಲ್ಲ, ಕೊಳ್ಳಿ ಎಂದು ಕಾಮಣ್ಣ ಬಗೆಬಗೆಯಾಗಿ ಬಿಡಿಸಿ ಹೇಳಿದ. ಕೊಳ್ಳಿ ಎಂದರೇನು ಎಂದು ಕೇಳಿದರು. ಹೇಳಿದ. ಆಕಾಶದಲ್ಲಿ ಉರಿಯುವ ಕಟ್ಟಿಗೆಯೇ ಎಂದು ಕೇಳಿ, ಆಸ್ಪತ್ರೆಗೆ ಕಳಿಸಿದರು. ತಲೆ ಸರಿಯಿಲ್ಲದವರ ವಾರ್ಡಿನಲ್ಲಿ ಗುಳಿಗೆ ಕೊಡುವವನು ದಿನಾ "ಬಾ ಗೋಲಿ, ಗೋಲಿ ತಿನ್ನು" ಎಂದು ನಗುತ್ತಿದ್ದ.

ಸುದ್ದಿ ಕೇಳಿ ಅಪ್ಪ ತಲೆಗೆ ಪಟಕಾ ಸುತ್ತಿ, ಹೆಗಲಿಗೆ ಕಂಬಳಿ ಹಾಕಿಕೊಂಡು ರೈಲು ಹತ್ತಿದ. ಆ ಸಂಜೆ ಹೊಳೆದಂಡೆಯಲ್ಲಿ ಕುರಿಯ ಜೊತೆಗಿದ್ದ ಅವನೂ ಅದನ್ನು ನೋಡಿದ್ದ. ಮಲಗಿದ್ದ ಕುರಿಗಳೆಲ್ಲ ಒಮ್ಮೆಗೇ ಎದ್ದು ನಿಂತಿದ್ದವು. ಅದನ್ನು ಹೇಳಲು ಗೇಟಿನಲ್ಲಿ ಕುಳಿತ. ಸಂಜೆ ಒಳಗೆ ಕರೆದು, ಆಸ್ಪತ್ರೆಯಿಂದ ಕರೆಸಿದ್ದ ಮಗನ ಎದುರಿಗೇ ಅವನ ಮಾತು ಕೇಳಿದರು. ಬಕ್ಷಿ ನಕ್ಕು ಹಿಂದಿಯಲ್ಲಿ ಏನೋ ಅಂದ, ಎಲ್ಲರೂ ನಕ್ಕರು. ಅಪ್ಪನೂ ಮರ್ಯಾದೆಗೆಂದು ತುಸು ನಕ್ಕ. ಹೊರಗೆ ಬಂದ ಮೇಲೆ, "ಏನಂದ್ರೋ ಸಾಹೇಬ್ರು?" ಎಂದು ಮಗನನ್ನು ಕೇಳಿದ.

"ಕುರಿ ಕಾಯೋರ ಮಾತ ಏನ್ ಹಿಡೀತೀರಿ ಅಂದ್ರು" ಎಂದು ಕಾಮಣ್ಣ ಹೇಳಿದ್ದ.

ಅಪ್ಪ ಊರಿಗೆ ಹೋಗಿ ಕುರಿ ಮಾರಿದ. ಮುಂದಿನ ಬೇಸಿಗೆಗೆ ತೀರಿಕೊಂಡ. ಕಾಮಣ್ಣನನ್ನು ಬುದ್ಧಿ ನೆಟ್ಟಗಿಲ್ಲ ಎಂದು ನೌಕರಿಯಿಂದ ಬಿಡಿಸಿದ್ದರು. ಹುಚ್ಚನೆಂಬ ಆ ಹೆಸರು ಅವನಿಗಿಂತ ಮುಂಚೆ ಬನಹಟ್ಟಿಗೆ ಬಂದು ಕುಳಿತಿತ್ತು. ಹೆಣ್ಣು ಕೊಡುವವರು ಬಾಗಿಲವರೆಗೆ ಬಂದು, ಓಣಿಯಲ್ಲಿ ವಿಚಾರಿಸಿ, ಹಾಗೇ ಹಿಂದೆ ಹೋಗಿದ್ದರು. ಈಗ ಅವನಿಗೆ ನಲವತ್ತೆರಡು.

ಮಧ್ಯಾಹ್ನ ದಾಟಿತು. ಕಾಮಣ್ಣ ನಡುನಡುವೆ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದ. ಬಿಸಿಲು ಕಟ್ಟೆಗೆ ಬಂದಾಗ ಬಕ್ಷಿ ಹೊರಸನ್ನು ತಾನೇ ಸರಿಸಿಕೊಂಡ. ಓಣಿಯ ಮಕ್ಕಳು ಅವನ ಬೂಟು ನೋಡುತ್ತ ನಿಂತವು. ಸಾತವ್ವ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದುಕೊಟ್ಟಳು. ಅದೊಂದು ಕಾಮಣ್ಣನಿಗೆ ಸೇರಲಿಲ್ಲ. ಉಳಿದದ್ದೆಲ್ಲ ಬೆಲ್ಲಕ್ಕಿಂತ ರುಚಿಯಾಗಿತ್ತು.

ಹೊತ್ತು ವಾಲಿದ ಮೇಲೆ ಕೈಯ ಎಣ್ಣೆಯನ್ನೂ ತೊಳೆಯದೆ ಕಟ್ಟೆ ಹತ್ತಿದ. ಬಕ್ಷಿ ಎದ್ದು ನಿಂತ. ತನಗಾಗಿ ಅವನು ಎದ್ದು ನಿಂತಿದ್ದು ಅದೇ ಮೊದಲು.

ಜೊತೆಗೆ ಬಂದಿದ್ದ ಹೆಣ್ಣುಮಗಳು ಮಾತು ತೆಗೆದಳು. "ನಾ ಯಶೋಧರಾ ಅಂತರಿ, ಅಣ್ಣಾರ. ಸ್ಕ್ವಾಡ್ರನ್ ಲೀಡರ್. ಮುಧೋಳದಾಕಿ. ಸಾಹೇಬ್ರ ಮ್ಯಾಲೆ ಈಗ ಒಂದ ಚೌಕಶಿ ನಡದೈತಿ. ನಿಮ್ಮ ಸಾಕ್ಷಿ ಬರಕೊಳ್ಳಾಕ ನನ್ನ ಕಳಿಸ್ಯಾರ."

"ಏನ್ ಮಾಡ್ಯಾರ ಸಾಹೇಬ್ರು?"

"ಎರಡ ತಿಂಗಳ ಹಿಂದ ವಿಮಾನ ನಡಸೂ ಮುಂದ ಒಂದು ಕೆಂಪ ಬೆಳಕ ನೋಡಿದ್ರಂತ. ಅರ್ಧ ದಾರಿಂದ ಹೊಳ್ಳಿ ಬಂದ್ರು. ಜೊತಿಗಿದ್ದವರು ಏನೂ ನೋಡಿಲ್ಲ ಅಂತಾರ."

ಕಾಮಣ್ಣನಿಗೆ ನಗು ಬಂತು. ತಡೆದುಕೊಂಡ. ಹಲ್ಲು ಕಚ್ಚಿ ತಡೆದುಕೊಂಡದ್ದರಿಂದ ದವಡೆ ನೋಯಿತು.

"ಮತ್ತ ಆಸ್ಪತ್ರಿಗೆ ಕಳಿಸಿದ್ರೇನು?"

ಆಸ್ಪತ್ರೆ ಎಂಬ ಮಾತು ಹಿಡಿದು ಬಕ್ಷಿಯೇ ಹಿಂದಿಯಲ್ಲಿ ಉತ್ತರ ಕೊಟ್ಟ. "ಮುಂದಿನ ವಾರ ಕಳಿಸುತ್ತಾರೆ. ಇದೇ ಬೆಳಕನ್ನು ನಾನು ಮೊದಲೂ ನೋಡಿದ್ದೆ, ಕಾಮಣ್ಣ ನನ್ನ ಜೊತೆಗಿದ್ದ ಎಂದು ಹೇಳಿದ್ದೇನೆ. ನೀನು ಹೌದೆಂದರೆ ನಾನು ಉಳಿಯುತ್ತೇನೆ. ನೀನೂ ಉಳಿಯುತ್ತೀ. ಆಗ ನಾನು ಸುಳ್ಳು ಹೇಳಿದೆ ಎಂದು ಬಾಯಿಬಿಟ್ಟು ಹೇಳುತ್ತೇನೆ, ಇವತ್ತೇ, ಇವರ ಮುಂದೆಯೇ."

"ಆವಾಗ ಯಾಕೆ ಹೇಳಲಿಲ್ಲ?"

"ನನಗೆ ಮೂವತ್ತು ವರ್ಷ. ಹಾರುವುದು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ."

"ನನಗೂ ಅಷ್ಟೇ ವಯಸ್ಸು" ಎಂದ ಕಾಮಣ್ಣ.

ಯಶೋಧರಾ ಇಬ್ಬರನ್ನೂ ನೋಡಿದಳು. "ಇದು ಖರೆ ಆತಂದ್ರ ನಿಮ್ಮ ಮ್ಯಾಲಿನ ಷರಾ ತಗೀಬೇಕಂತ ನಾನ ಬರೀತೇನಿ, ಅಣ್ಣಾರ. ಬುದ್ಧಿ ನೆಟ್ಟಗಿತ್ತು, ಕಣ್ಣು ನೆಟ್ಟಗಿತ್ತು ಅಂತ ಆಗ್ತದ. ಆದ್ರ ನೀವು ನಿಮ್ಮ ಬಾಯಿಲೆ ಹೇಳಬೇಕು."

"ಕೈ ತೊಳಕೊಂಡು ಬರ್ತೇನಿ" ಎಂದು ಕಾಮಣ್ಣ ಒಳಗೆ ಹೋದ.

ಸಾತವ್ವ ಬಾಗಿಲ ಮರೆಯಲ್ಲೇ ನಿಂತಿದ್ದಳು. ಗೂಟಕ್ಕೆ ತೂಗುಹಾಕಿದ್ದ ಭಂಡಾರದ ಚೀಲ ಅವಳ ಕೈಯಲ್ಲಿತ್ತು. ಮುದುಕಿಯ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಹಬ್ಬದ ದಿನದ ಹಾಗಿತ್ತು.

"ಬಂದ್ನಲ್ಲೋ ತಮ್ಮಾ. ಬೀರಪ್ಪ ಅವನ ಕಾಲಿಲೆ ಅವನ್ನ ನಡಿಸ್ಕೊಂಡ ಬಂದ" ಎಂದಳು. ಚೀಲದಲ್ಲಿ ಬೆರಳು ಅದ್ದಿ ಮಗನ ಹಣೆಯ ತುಂಬ ಬಳಿದಳು. "ಹೋಗು. ನೀ ನೋಡಿದ್ದು ಹೇಳು. ನಿಮ್ಮಪ್ಪ ನೋಡಿದ್ದೂ ಹೇಳು. ಈಗರೆ ಅವನ ಮಾತು ಯಾರರೆ ಕೇಳ್ಲಿ."

"ಅಪ್ಪಗ ನಾ ಒಂದ ಮಾತ ಕೊಟ್ಟೇನಿ, ಯವ್ವಾ."

"ಅದನ್ನ ನಡಸು ಅಂತನ ಹೇಳಾಕತ್ತೇನಿ."

ಕಾಮಣ್ಣ ಬಚ್ಚಲಿಗೆ ಹೋದ. ಸೋಪು ಹಚ್ಚಿ ಕೈಯ ಎಣ್ಣೆ ತೊಳೆದ. ತಂಬಿಗೆ ಎತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತು, ಹಣೆಯ ಮೇಲೂ ನೀರು ಹೊಯ್ದುಕೊಂಡ. ಎರಡನೆಯ ತಂಬಿಗೆಗೆ ಕನ್ನಡಿಯಲ್ಲಿ ಹಣೆ ಬೋಳಾಗಿ ಕಂಡಿತು. ಹಿತ್ತಲಿನಿಂದಲೇ ಸುತ್ತುಹಾಕಿ ಕಟ್ಟೆಗೆ ಬಂದ.

ಯಶೋಧರಾ ಹೊರಸಿನ ಮೇಲೆ ಟೇಪಿನ ಯಂತ್ರ ಇಟ್ಟಿದ್ದಳು. ಓಣಿಯ ತುಂಬ ಮಗ್ಗಗಳ ಸದ್ದು. ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

"ಬಕ್ಷಿ ಸಾಹೇಬರು ನಡಸಾಕತ್ತಿದ್ದ ವಿಮಾನದಾಗ ಎಂಜಿನಿಯರ್ ಆಗಿದ್ದವರು ನೀವ ಹೌದಲ್ರಿ?"

"ಹೌದರಿ."

"ಆ ಸಂಜೀಕ ನೀವು ಮೈಕಿನ್ಯಾಗ ಏನೋ ಒದರಿದ್ರಿ. ಹೌದಲ್ರಿ?"

"ಹೌದರಿ."

"ಏನಂತ ಒದರಿದ್ರಿ?"

ಕಾಮಣ್ಣ ಬಕ್ಷಿಯನ್ನು ನೋಡಿದ. ಬಕ್ಷಿ ಮುಂದಕ್ಕೆ ಬಾಗಿ ಕುಳಿತಿದ್ದ, ಎರಡೂ ಕೈ ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು. ಗೇಟಿನಲ್ಲಿ ಅಪ್ಪ ಹೀಗೆಯೇ ಕುಳಿತಿದ್ದ. ಉತ್ತರ ಹೇಳಲು ಕಾಮಣ್ಣ ಬಾಯಿ ತೆರೆದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಬೋರವ್ವನ ಮಗ್ಗ, ಆಚೆ ಮನೆಯ ಮಗ್ಗ, ಇಡೀ ಓಣಿಯ ಮಗ್ಗಗಳು ಒಮ್ಮೆಗೇ ತಣ್ಣಗಾದವು. ಮಗ್ಗದ ಸದ್ದಿಗೆಂದು ಅವನು ಎತ್ತರಿಸಿದ ದನಿ ಆ ನಿಶ್ಶಬ್ದದಲ್ಲಿ ಕಡೇ ಮನೆಯವರೆಗೆ ಹೋಯಿತು.

"ಗೋಲಿ!"

ಬಕ್ಷಿ ತಲೆ ಎತ್ತಿದ.

"ಗೋಲಿ ಅಂದೆನ್ರಿ" ಎಂದ ಕಾಮಣ್ಣ ದನಿ ಇಳಿಸಿ.

ಯಶೋಧರಾ ಮುಂದಕ್ಕೆ ಸರಿದಳು. "ಅಣ್ಣಾರ, ನಾನೂ ಇಲ್ಲಿನಾಕಿನ. ಕೊಳ್ಳಿಗೂ ಗೋಲಿಗೂ ಫರಕ ನನಗ ಗೊತ್ತೈತಿ. ಅದಕ್ಕಂತನ ನನ್ನ ಹುಡುಕಿ ಕಳಿಸ್ಯಾರ. ಆವಾಗ ನೀವು ಕೊಳ್ಳಿ ಅಂದೇನಿ ಅಂತ ಹತ್ತ ಸಲ ಹೇಳೀರಿ."

"ಆವಾಗ ನನ್ನ ತಲಿ ನೆಟ್ಟಗಿರಲಿಲ್ಲರಿ. ಡಾಕ್ಟರನ್ನ ಕೇಳ್ರಿ ಬೇಕಾರ."

"ಹೊರಗ ಬೆಳಕು?"

"ನಾ ಏನೂ ನೋಡಿಲ್ಲ." ಈ ಮಾತನ್ನು ಬಕ್ಷಿಯ ಕಡೆ ತಿರುಗಿ, ಅವನಿಗೆ ತಿಳಿಯಲೆಂದು ಹಿಂದಿಯಲ್ಲೂ ಹೇಳಿದ. ಹನ್ನೆರಡು ವರ್ಷದ ಹಿಂದೆ ಬಕ್ಷಿ ದನಿ ಎಳೆದ ಜಾಗದಲ್ಲೇ ಎಳೆದು, ಅವನು ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ ಹೇಳಿದ.

ಬಕ್ಷಿಯ ತುಟಿ ಒಣಗಿತ್ತು. "ಇವನ ತಂದೆಯನ್ನು ಕೇಳಿ" ಎಂದು ಯಶೋಧರೆಗೆ ಹೇಳಿದ. "ತಂದೆಯೂ ನೋಡಿದ್ದರು. ನೆಲದ ಮೇಲಿನಿಂದ. ಅಷ್ಟು ದೂರ ಬಂದಿದ್ದರು ಅವರು, ಹೇಳಲಿಕ್ಕೆ."

"ತಂದಿಯವರು ಅದಾರೇನ್ರಿ?" ಎಂದು ಅವಳು ಕೇಳಿದಳು.

"ಇಲ್ಲ."

"ಅವರು ನೋಡಿದ್ದು ನಿಮಗ ಹೇಳಿದ್ರೇನ್ರಿ?"

ಬಾಗಿಲಲ್ಲಿ ಬಳೆಯ ಸದ್ದಾಯಿತು. ಕಾಮಣ್ಣ ಅತ್ತ ತಿರುಗಲಿಲ್ಲ. ಈ ಒಂದು ಮಾತನ್ನು ಅವನು ಮೋಟರಿನ ಕೆಳಗೆ ಅಂಗಾತ ಮಲಗಿದಾಗ, ಸೈಕಲ್ ತುಳಿಯುವಾಗ, ಕನ್ಯೆ ನೋಡಲು ಹೋಗಿ ಬರಿಗೈಯಲ್ಲಿ ಬರುವಾಗ ಬಾಯಲ್ಲಿ ಹೊರಳಾಡಿಸಿಕೊಂಡು ಬಂದಿದ್ದ. ಅದು ತನ್ನ ಅಪ್ಪನ ಮೇಲೆ ಬೀಳುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಈಗ ಹೊಳೆಯಿತು. ಆದರೂ ಬಕ್ಷಿಯ ಮುಖ ಎದುರಿಗೇ ಇತ್ತು.

"ಕುರಿ ಕಾಯೋರ ಮಾತ ಏನ್ ಹಿಡೀತೀರಿ" ಎಂದು ಹಿಂದಿಯಲ್ಲಿ ಹೇಳಿ, ನಕ್ಕ.

ಬಕ್ಷಿಗೆ ತನ್ನದೇ ಮಾತು ನೆನಪಾಯಿತು. ನೆನಪಾದದ್ದು ಅವನ ಮುಖದ ಮೇಲೆಯೇ ಕಾಣಿಸಿತು. ಅವನು ಟೋಪಿ ತೆಗೆದುಕೊಂಡು ಎದ್ದ. ಯಶೋಧರಾ ಯಂತ್ರ ಬಂದ್ ಮಾಡಿದಳು. ಕಟ್ಟೆ ಇಳಿಯುವಾಗ, "ಇಷ್ಟ ಸಾಕಾತೇನ್ರಿ ನಿಮಗ?" ಎಂದು ಕೇಳಿದಳು. ಸಿಟ್ಟಿತ್ತೋ ಮರುಕವಿತ್ತೋ ತಿಳಿಯಲಿಲ್ಲ. ಕಾಮಣ್ಣ ಜೀಪು ಓಣಿ ದಾಟುವವರೆಗೆ ನೋಡುತ್ತ ನಿಂತ. ಬಕ್ಷಿ ತಲೆ ತಗ್ಗಿಸಿ ಕುಳಿತದ್ದು ತಿರುವಿನ ತನಕ ಕಂಡಿತು.

ಆಚೆ ಕಟ್ಟೆಯಿಂದ ಬೋರವ್ವ ಕೂಗಿದಳು. "ಅಂದ್ರ ನೀ ಏನೂ ನೋಡೇ ಇರಲಿಲ್ಲೇನಲೇ? ಹನ್ನೊಂದ ವರ್ಷ ನಮಗ ಸುಳ್ಳ ಹೇಳಿದಿ?"

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ಚುಕ್ಕಿ ಕಾಮಣ್ಣ ಎಂದು ಓಣಿಯೆಲ್ಲ ಆಡಿಕೊಳ್ಳುವಾಗಲೂ ಇವಳೊಬ್ಬಳು ಅವನನ್ನು ನಂಬಿದ್ದಳು ಎಂಬುದು ಕಾಮಣ್ಣನಿಗೆ ಆಗಲೇ ತಿಳಿದದ್ದು.

ಒಳಗೆ ಹೋದ. ಗೂಟದಲ್ಲಿ ಭಂಡಾರದ ಚೀಲ ಇರಲಿಲ್ಲ. ಸಾತವ್ವ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹಾಸುಗಲ್ಲಿನ ಮೇಲೆ ಹಳದಿ ನೀರು ಮೋರಿಯ ಕಡೆ ಹರಿದು ಅರ್ಧಕ್ಕೆ ನಿಂತಿತ್ತು. ಭಂಡಾರ ಮೋರಿಗೆ ಹೋಗಬಾರದು. ಅವಳು ಸೀರೆಯ ಸೆರಗಿನಿಂದ ಅದನ್ನು ಒತ್ತಿ ಒತ್ತಿ ಒರೆಸಿಕೊಳ್ಳುತ್ತಿದ್ದಳು, ಕಲ್ಲಿನ ಸಂದಿನಲ್ಲಿದ್ದದ್ದನ್ನು ಉಗುರಿನಿಂದ ತೆಗೆದು ಸೆರಗಿಗೆ ಹಚ್ಚುತ್ತಿದ್ದಳು. ಮಗ ಬಂದು ನಿಂತದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ.

ಕರೆಂಟು ಬಂತು. ಒಂದೊಂದೇ ಮಗ್ಗ ಶುರುವಾಯಿತು.

ಅಪ್ಪನಿಗೆ ಕೊಟ್ಟ ಮಾತನ್ನು ಕಾಮಣ್ಣ ನಡೆಸಿದ್ದ.