ಗಣಿ ಸಾಹೇಬನ ಆರಾಮ ಕುರ್ಚಿ

ಶಹಾಬಾದಿನ ಕಲ್ಲುಖಣಿಯಲ್ಲಿ ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಫರಸಿ ಕಲ್ಲು ಸೀಳಿದವಳು ಲಾಲಮ್ಮ. ಈಗ ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. "ಮೂರು ದಿನ ಕಾಲು ಚಾಚಿ ಕುಂದ್ರು, ಮತ್ತೇನೂ ಮಾಡಬ್ಯಾಡ" ಎಂದು ನರ್ಸ್ ಮಗಳು ಲುಂಬಿನಿ ರಜೆ ಹಾಕಿ, ವಾಡಿಯಲ್ಲಿ ರೈಲು ಹತ್ತಿಸಿ, ಸಮುದ್ರದಂಡೆಯ ಈ ಹಳೇ ಗಣಿ ಊರಿಗೆ ಕರೆತಂದಿದ್ದಳು.

ಇಳಿದುಕೊಂಡದ್ದು ಗಣಿ ಸಾಹೇಬನ ಬಂಗಲೆಯಲ್ಲಿ. ಗಣಿ ಮುಚ್ಚಿ ಯಾವ ಕಾಲವೋ ಆಯಿತು, ಬಂಗಲೆ ಈಗ ಲಾಡ್ಜು. ಎರಡು ದಿನ ಕಾಲು ಚಾಚಲು ಜಾಗ ಹುಡುಕಿದ್ದೇ ಬಂತು. ಪ್ಲಾಸ್ಟಿಕ್ ಕುರ್ಚಿ ಇಕ್ಕಟ್ಟು. ಮರಳಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಪಡಸಾಲೆಯಲ್ಲಿ ಮಾತ್ರ, ಸಮುದ್ರಕ್ಕೆ ಮುಖಮಾಡಿ, ಬೆತ್ತದ ಒಂದು ಉದ್ದನೆ ಕುರ್ಚಿ. ಅದರ ಎರಡು ಕೈಗಳೂ ಕಾಲಿಡಲೆಂದೇ ಮುಂದಕ್ಕೆ ಚಾಚಿದ್ದವು. ಸುತ್ತ, ಪಡಸಾಲೆಯ ಎರಡು ಕಂಬಕ್ಕೆ ಬಿಗಿದ ಕೆಂಪು ಹಗ್ಗ.

ಹೊರಡುವ ಹಿಂದಿನ ಸಂಜೆ ಲಾಲಮ್ಮ ಲಾಡ್ಜಿನ ಮ್ಯಾನೇಜರನನ್ನು ಕೇಳಿಯೇಬಿಟ್ಟಳು. "ಇದು ಯಾರದ್ರಿ?"

"ಗಣಿ ಸಾಹೇಬರ ಆರಾಮ ಕುರ್ಚಿ, ಅಮ್ಮ. ನೋಡಲಿಕ್ಕೆ ಮಾತ್ರ."

"ಅಯ್ಯ ಪಾಪ! ಅವರಿಗಿ ಆರಾಮ ಇದ್ದಿಲ್ಲೇನ್ರಿ? ಏನು ಜಡ್ಡು?"

"ಜಡ್ಡಾ? ಗಟ್ಟಿಮುಟ್ಟಾಗಿದ್ದರಮ್ಮ. ಊಟ ಮಾಡಿ ಒರಗುತ್ತಿದ್ದರು, ಅಷ್ಟೇ."

ಲಾಲಮ್ಮ ಕುರ್ಚಿಯನ್ನು ತುದಿಯಿಂದ ತುದಿಗೆ ನೋಡಿದಳು.

"ಆರಾಮಿದ್ದಾಂವಗ ಇಷ್ಟುದ್ದ ಕುರ್ಚಿ! ಭಾಳ ಛಲೋ ಆತು. ಆರಾಮಿಲ್ಲದಾಕಿ ಈಗ ಬಂದೀನಿ, ಆಕಡಿ ಸರೀರಿ."

ಹಗ್ಗ ಎತ್ತಿ ನುಸುಳಿದಳು, ಕೂತಳು. ಒಂದೊಂದೇ ಕಾಲನ್ನು ಎರಡೂ ಕೈಯಿಂದ ಎತ್ತಿ ಮೇಲಿಟ್ಟಳು. ಬೆತ್ತ ಕಿರ್ರೆಂದಿತು.

"ಏಳಿ, ಏಳಿ! ನೂರು ವರ್ಷದ್ದು, ಮುರಿದುಹೋಗುತ್ತೆ!"

"ನನ್ನ ಮೊಣಕಾಲು ಮುರಿಯೂಮುಂದ ಯಾರು ಹಗ್ಗ ಕಟ್ಟಿದ್ರಪಾ?"

ಲುಂಬಿನಿ ಓಡಿ ಬಂದಳು. "ಅವ್ವಾ, ಏಳು. ಮಂದಿ ನೋಡಾಕತ್ತಾರ."

"ನೋಡಲಿ. ನೋಡಲಿಕ್ಕೇ ಇಟ್ಟಾರಂತ."

ಮ್ಯಾನೇಜರನ ದನಿ ಏರಿತು. "ರೂಮು ಖಾಲಿ ಮಾಡಿಸಬೇಕಾಗುತ್ತೆ!"

"ಮಾಡಸ್ರಿ. ಖೋಲಿಯೊಳಗ ಯಾರದಾರ? ನಾ ಇಲ್ಲಿದ್ದೀನಿ. ಹೊತ್ತು ಮುಳುಗೋತನಕ ಏಳಂಗಿಲ್ಲ. ಅವಸರಿದ್ರ ಕುರ್ಚಿ ಸಮೇತ ಎತ್ತ್ರಿ."

ಆತ ಲುಂಬಿನಿಯತ್ತ ನೋಡಿದ, ನೀವಾದರೂ ಹೇಳಿ ಎಂಬಂತೆ. ಲುಂಬಿನಿ ನೋಡುತ್ತಿದ್ದುದು ಅವ್ವನ ಕಾಲನ್ನು. ಬಾತುಕೊಂಡ ಆ ಮೊಣಕಾಲು ಹೀಗೆ ನಿರಾಳವಾಗಿ ಚಾಚಿಕೊಂಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವಳು ಕಂಬಗಳ ಹತ್ತಿರ ಹೋಗಿ ಹಗ್ಗದ ಎರಡೂ ಗಂಟು ಬಿಚ್ಚಿ, ಸುತ್ತಿ, ಮ್ಯಾನೇಜರನ ಕೈಯಲ್ಲಿಟ್ಟಳು.

"ಎರಡು ಚಾ ಕಳಸ್ರಿ," ಎಂದಳು, "ಇಲ್ಲಿಗೇ."