ಹದಿನೆಂಟು ಗುಂಟೆಯ ಸದ್ದು

ನನ್ನ ಗಾಡಿಗೆ ನಾಲ್ಕು ದಪ್ಪ ಚಕ್ರ, ಕಾಡು ಗುಡ್ಡ ಏನು ಬಂದರೂ ಹತ್ತಿಳಿಯುವ ತಾಕತ್ತು. ಆದರೆ ಅದು ಓಡುವುದು ಮಲ್ಲತ್ತಹಳ್ಳಿಯ ನಮ್ಮ ಹದಿನೆಂಟು ಗುಂಟೆಯಲ್ಲಿ ಮಾತ್ರ. ಮೂರು ಕಡೆ ಬೇರೆಯವರ ಮನೆಗಳ ಗೋಡೆ, ಒಂದು ಕಡೆ ಗೇಟು. ಎಟಿವಿ ಎನ್ನುತ್ತಾರೆ ಅದನ್ನು. ನಂಬರ್ ಪ್ಲೇಟ್ ಸಿಗುವುದಿಲ್ಲ, ರೋಡಿಗೆ ಇಳಿಸುವ ಹಾಗಿಲ್ಲ. ಹೋದ ವರ್ಷ, ಅಂದರೆ 2007ರಲ್ಲಿ, ಮೈಸೂರು ರಸ್ತೆಯ ಒಂದು ರೆಸಾರ್ಟು ಮುಚ್ಚಿದಾಗ ನನ್ನ ಬೈಕು ಮಾರಿ ಇದನ್ನು ತಂದೆ. ಭಾನುವಾರ ಲೇಔಟಿನ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಸುತ್ತೇನೆ. ಉಳಿದ ಆರು ದಿನ ನಾನೊಬ್ಬನೇ ಸುತ್ತುತ್ತೇನೆ. ಇಪ್ಪತ್ತಾರು ವರ್ಷದ ಗಂಡಸು ಹೀಗೆ ಸುತ್ತುವುದನ್ನು ನೋಡಿ ನಗದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ನಗಲಿ. ಜಮೀನು ಕೋರ್ಟಿನಲ್ಲಿದೆ. ಕಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ, ಬಿಟ್ಟು ಹೋಗುವ ಹಾಗಂತೂ ಇಲ್ಲವೇ ಇಲ್ಲ. ಸ್ವಾಧೀನದಲ್ಲಿ ನಾವೇ ಇದ್ದೇವೆ ಎಂಬುದು ದಿನಾ ನಾಲ್ಕು ಜನರಿಗೆ ಕಾಣಬೇಕು ಎಂದಿದ್ದಾರೆ ವಕೀಲರು. ಮೂರು ವರ್ಷದ ಹಿಂದೆ ನಾವೆಲ್ಲ ಮಾಗಡಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಎದುರು ಪಾರ್ಟಿಯವರು ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಅಪ್ಪ ಮದುವೆಗೆ ಉಟ್ಟಿದ್ದ ರೇಷ್ಮೆ ಪಂಚೆಯಲ್ಲೇ ಕಂಬ ಕೀಳಲು ಹೋದ. ತಳ್ಳಿದರು, ಸೊಂಟದ ಮೂಳೆ ಮುರಿಯಿತು. ದೊಡ್ಡಣ್ಣ ಎಂದರೆ ಊರೆಲ್ಲ ಎದ್ದು ನಿಲ್ಲುತ್ತಿದ್ದ ಕಾಲವಿತ್ತು. ಆ ದೊಡ್ಡಣ್ಣ, ನಮ್ಮಪ್ಪ, ಅಂದಿನಿಂದ ನಡುಮನೆಯ ಮಂಚ ಬಿಟ್ಟಿಲ್ಲ. ಕೋರ್ಟಿನ ಆರ್ಡರ್ ತಂದು ಕಂಬ ಕೀಳಿಸಿದೆವು. ಕಾವಲಿಗೆ ಒಬ್ಬನನ್ನು ಇಟ್ಟೆವು, ಒಂದೇ ತಿಂಗಳಲ್ಲಿ ಅವನು ಎದುರು ಪಾರ್ಟಿಯ ಮನುಷ್ಯನಾದ. ಉಳಿದವನು ನಾನೊಬ್ಬನೇ.

ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯಬೇಕು, ಸಂಜೆ ಆರಕ್ಕೆ ಬೀಗ ಹಾಕಬೇಕು. ಒಂದು ಗಂಟೆಗೆ ಅಮ್ಮ ಊಟದ ಕ್ಯಾರಿಯರ್ ತರುತ್ತಾಳೆ. ಅವಳು ಮನೆಗೆ ತಿರುಗಿದ ಮೇಲೆ ನಾನು ಇಲ್ಲೇ ಇದ್ದೇನೆಂದು ಕಾಣಲಿ ಅಂತ ಹೆಲ್ಮೆಟ್ಟನ್ನೂ ಮೇಲಂಗಿಯನ್ನೂ ಗಾಡಿಯ ಹ್ಯಾಂಡಲಿಗೆ ತಗುಲಿಹಾಕಿ, ಬಸ್ಸು ಹತ್ತಿ ನಾಯಂಡಹಳ್ಳಿಗೆ ಹೋಗಿಬಿಡುತ್ತೇನೆ, ಬೀಗ ಹಾಕುವ ಹೊತ್ತಿಗೆ ಮರಳುತ್ತೇನೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಗುರುಸಿದ್ದಯ್ಯನವರ ವರ್ಕ್‌ಶಾಪು. ಗದಗ ಕಡೆಯವರು, ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಎಂಟು ತಿಂಗಳಿಂದ ಅವರ ಕೈಕೆಳಗೆ ಕೆಲಸ ಕಲಿತಿದ್ದೇನೆ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಪೂರ್ತಿ ದಿನ ಬಾ, ಪಂಪ್ ಎಂಜಿನ್ನಿನ ವಿಭಾಗ ನಿನಗೇ ಬಿಡುತ್ತೇನೆ ಎಂದಿದ್ದಾರೆ. ಜೀವನದಲ್ಲಿ ಯಾರಾದರೂ ನನ್ನನ್ನು ಬಾ ಎಂದು ಕರೆದಿದ್ದು ಅದೇ ಮೊದಲು. ಮಿಕ್ಕವರೆಲ್ಲ ಇರು ಎಂದವರೇ.

ಎರಡು ಬೀದಿ ಆಚೆಗಿರುವ ನಮ್ಮ ಮನೆಯಿಂದ ಜಮೀನು ಕಾಣುವುದಿಲ್ಲ. ನಡುವೆ ಮೂರಂತಸ್ತಿನ ಮನೆಯೊಂದು ಎದ್ದಿದೆ. ನನ್ನ ಗಾಡಿ ಫೋರ್ ಸ್ಟ್ರೋಕ್, ಅದರ ಸದ್ದು ಗೇಟು ದಾಟಿದರೆ ಹೆಚ್ಚು. ಆ ಮೌನದಿಂದಲೇ ನಾನು ಬದುಕಿದ್ದೆ.

ಯಲ್ಲಪ್ಪ ಬಂದದ್ದು ಇಂಥ ಹೊತ್ತಿನಲ್ಲಿ. ಕೆಂಗೇರಿಯ ಆಚೆ ಒಂದು ತೋಟದಲ್ಲಿ ವಾರದ ಕೊನೆಗೆ ಬರುವವರಿಗೆ ಗಾಡಿ ಓಡಿಸಲು ಕೊಡುವವನು. ಅವನ ಹತ್ತಿರ ಇದ್ದದ್ದು ಟೂ ಸ್ಟ್ರೋಕ್ ಎಟಿವಿ. ಒದ್ದರೆ ಊರಿಗೇ ಕೇಳುವ ಗಾಡಿ.

"ಬಂದೋರೆಲ್ಲ ಕಿವಿ ಮುಚ್ಕೊತಾರೆ ಗುರು," ಎಂದ. "ನಂಗೆ ಸೈಲೆಂಟ್ ಗಾಡಿ ಬೇಕು, ನಿಂಗೆ ಪಿಕಪ್ ಇರೋದು ಬೇಕು. ಅದ್ಲು ಬದ್ಲು ಮಾಡ್ಕೊಳಣ, ಮೇಲೆ ಕೆಳಗೆ ದುಡ್ಡೇನೂ ಬೇಡ."

ನನಗೆ ಪಿಕಪ್ ಯಾಕೆ ಬೇಕು? ಐವತ್ತು ಹೆಜ್ಜೆಗೊಮ್ಮೆ ಗೋಡೆ ಬರುತ್ತದೆ. ನೋಡೋಣ ಎಂದು ಕಳಿಸಿಬಿಡುತ್ತಿದ್ದೆ, ಆದರೆ ಆ ಪುಣ್ಯಾತ್ಮ ಮೊದಲು ವಿಚಾರಿಸಿದ್ದೇ ನಮ್ಮ ಮನೆಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಎತ್ತಿದ.

"ಆ ಶಬ್ದದ ಗಾಡಿ ತಗೊಳ್ಳೋ."

"ಬೇಡಪ್ಪ. ಅದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕು. ಹೊಗೆ ಬೇರೆ. ಪ್ಲಗ್ ಕಪ್ಪಾಗುತ್ತೆ. ಪಕ್ಕದ ಮನೆಯೋರು ಜಗಳಕ್ಕೆ ಬರ್ತಾರೆ."

ಹೇಳಿದ್ದೆಲ್ಲ ನಿಜವೇ. ಆದರೆ ಒಂದೂ ನನ್ನ ಕಾರಣವಲ್ಲ.

"ನಿನ್ನ ಗಾಡಿ ಕಣೋ ಗೌತಮ, ನಿನ್ನಿಷ್ಟ," ಎಂದ ಅಪ್ಪ. ತಟ್ಟೆ ಪಕ್ಕಕ್ಕೆ ಸರಿಸಿದ. "ಬುಧವಾರ ಎಂಟು ಸಲ ಫೋನ್ ಮಾಡ್ದೆ. ನೀನು ಎತ್ಲಿಲ್ಲ."

ಬುಧವಾರ ನಾನು ವರ್ಕ್‌ಶಾಪಿನಲ್ಲಿದ್ದೆ. ಕೈ ಪೂರ್ತಿ ಗ್ರೀಸು. ಫೋನು ಗೂಟಕ್ಕೆ ನೇತುಹಾಕಿದ್ದ ಪ್ಯಾಂಟಿನ ಜೇಬಿನಲ್ಲಿತ್ತು. ಈಗ ಸಿಕ್ಕಿಬಿದ್ದೆ ಅಂದುಕೊಂಡೆ. ಸಿಕ್ಕಿಬಿದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು.

"ನಿಮ್ಮಮ್ಮ ರೇಷನ್ ಅಂಗಡೀಲಿದ್ಲು," ಎಂದ ಅಪ್ಪ. "ನಾನು ಎದ್ದು ಬರಾಣ ಅಂತ ಮಂಚದಿಂದ ಕಾಲಿಳಿಸ್ದೆ. ಬಿದ್ದೆ. ಅವಳು ಬರೋವರ್ಗೂ ನೆಲದ ಮೇಲೇ ಇದ್ದೆ. ಹೊಡ್ದು ಹಾಕ್ಬಿಟ್ರು ನನ್ನ ಮಗನ್ನ ಅಂತ ಅಂದ್ಕೊಂಡು ಬಿದ್ದಿದ್ದೆ. ಶಬ್ದ ಇದ್ರೆ ನೀನಿದೀಯ ಅಂತ ನಂಗೆ ಗೊತ್ತಾಗುತ್ತೆ. ಅಷ್ಟೆ ಕಣಪ್ಪ."

ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಈಗಲೂ ತಲೆಯೆತ್ತದೆ ಸಾರು ಬಡಿಸಿದಳು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಬಾಗಿಲು ಹಾಕಿದ್ದರೆ ಒದೆಯುತ್ತಿದ್ದೆ. ಇದಕ್ಕೆ ಏನು ಮಾಡಲಿ? ಬೆಳಗಿನ ತನಕ ಲೆಕ್ಕ ಹಾಕಿದೆ. ಸದ್ದಿನ ಗಾಡಿ ಬಂದರೆ ಮಧ್ಯಾಹ್ನಗಳು ಹೋದವು, ವರ್ಕ್‌ಶಾಪು ಹೋಯಿತು. ಬೇಡವೆಂದರೆ ಆ ಮನುಷ್ಯ ಇನ್ನೊಂದು ದಿನ ಮಂಚದಿಂದ ಬೀಳುತ್ತಾನೆ. ಹಾಗೆ ನೋಡಿದರೆ ತೀರ್ಮಾನಿಸಲು ಏನೂ ಉಳಿದಿರಲಿಲ್ಲ. ಆದರೂ ನಾನೇ ತೀರ್ಮಾನಿಸಿದೆ ಎಂದು ಎಲ್ಲರೂ ಹೇಳುತ್ತಾರೆ.

ಶನಿವಾರ ಯಲ್ಲಪ್ಪ ಟೆಂಪೋದಲ್ಲಿ ತನ್ನ ಗಾಡಿ ತಂದು ಇಳಿಸಿ ನನ್ನದನ್ನು ಏರಿಸಿಕೊಂಡು ಹೋದ. ಬಂದ ಗಾಡಿಯನ್ನು ನಾನು ಒದ್ದು ಶುರು ಮಾಡಿದ ಕೂಡಲೇ ಪಕ್ಕದ ಮನೆಯ ಕಲ್ಯಾಣಮ್ಮ ಕಿಟಕಿ ಬಡಿದು ಮುಚ್ಚಿದರು. ಒಂದು ಗಂಟೆಗೆ ಕ್ಯಾರಿಯರ್ ತಂದ ಅಮ್ಮ ಹೇಳಿದಳು, "ನಿಮ್ಮಪ್ಪ ಇವತ್ತು ಕಣ್ಮುಚ್ಚಿ ನಿದ್ದೆ ಮಾಡ್ತಾ ಇದಾರೆ ಕಣೋ. ಎಷ್ಟು ದಿನ ಆಗಿತ್ತು."

ಭಾನುವಾರ ಮಕ್ಕಳು ಕುಣಿದಾಡಿದರು. ಸೋಮವಾರದಿಂದ ನಾನು ಸುತ್ತತೊಡಗಿದೆ. ಹೊಗೆ ಕುಡಿದು ಗಂಟಲು ಕಟ್ಟಿತು, ಸಂಜೆಯ ಹೊತ್ತಿಗೆ ಕಿವಿಯಲ್ಲಿ ಒಂದೇ ಗುಂಯ್‌ಗುಟ್ಟುವಿಕೆ. ಐದು ದಿನ ನಾಯಂಡಹಳ್ಳಿಗೆ ಹೋಗಲಿಲ್ಲ.

ಆರನೆಯ ದಿನ, ಶನಿವಾರ, ಮಧ್ಯಾಹ್ನ ಮೂರರ ಸುಮಾರಿಗೆ ಜೇಬಿನಲ್ಲಿ ಫೋನು ನಡುಗಿತು. ಗುರುಸಿದ್ದಯ್ಯನವರು. ಎಂಜಿನ್ ನಿಲ್ಲಿಸಿದೆ.

"ಏನ್ ತಮ್ಮಾ, ಮಾರೀನ ತೋರ್ಸವಲ್ಲಿ? ನಾಡಿದ್ದು ಒಂದನೇ ತಾರೀಖು. ಬರ್ತೀಯೋ ಇಲ್ಲೋ ಈಗ ಹೇಳಿಬಿಡು. ಇಲ್ಲಾಂದ್ರ ಬ್ಯಾರೆ ಹುಡುಗ ನಿಂತಾನ."

"ಬರ್ತೀನಿ ಸಾರ್," ಎಂದೆ. ಬಾಯಿಗೆ ಅದೇ ಬಂತು. "ಖಂಡಿತ ಬರ್ತೀನಿ. ಮನೇಲಿ ಇವತ್ತೇ ಹೇಳ್ತೀನಿ."

ಫೋನಿಟ್ಟು ಗಾಡಿಯ ಮೇಲೆ ಸುಮ್ಮನೆ ಕೂತೆ. ಎದೆ ಹಗುರವಾಗಿತ್ತು. ಎಷ್ಟು ಹೊತ್ತು ಕೂತೆನೋ, ಗೇಟು ಕಿರ್‌ ಎಂದಿತು. ಅಮ್ಮ. ಬರಿಗಾಲು, ಸೆರಗು ಜಾರಿದೆ, ಕೈಯಲ್ಲಿ ಹಿಟ್ಟು ಹಾಗೇ ಇದೆ. ಓಡಿಬಂದು ಉಸಿರಾಡಲಾಗದೆ ಗೇಟಿನ ಸರಳು ಹಿಡಿದುಕೊಂಡಳು.

"ಏನಾಯ್ತೋ? ಶಬ್ದ ನಿಂತೋಯ್ತಲ್ಲೋ!"

"ಏನಿಲ್ಲಮ್ಮ. ಅಮ್ಮ, ಇಲ್ಲಿ ಕೇಳು, ನಾನೊಂದು ಮಾತು ಹೇಳ್ಬೇಕು…"

"ಮೊದ್ಲು ಗಾಡಿ ಶುರು ಮಾಡು ಮಗ. ಅವರು ಮಂಚದ ಅಂಚಿಗೆ ಬಂದು ಕೂತಿದಾರೆ. ಆಮೇಲೆ ಹೇಳುವಂತೆ."

ಒದ್ದೆ. ಎರಡನೆಯ ಒದೆತಕ್ಕೆ ಗಾಡಿ ಹೊಗೆ ಕಾರಿ ಬೊಬ್ಬೆ ಹೊಡೆಯಿತು. ಆ ಬೊಬ್ಬೆಯಲ್ಲೇ ಹೇಳಿದೆ. ಎಂಟು ತಿಂಗಳಿಂದ ಎಲ್ಲಿಗೆ ಹೋಗುತ್ತಿದ್ದೆ ಎಂಬುದನ್ನು ಹೇಳಿದೆ, ಗುರುಸಿದ್ದಯ್ಯನವರ ಹೆಸರು ಹೇಳಿದೆ, ನಾಡಿದ್ದಿನಿಂದ ಕೆಲಸಕ್ಕೆ ಹೋಗುತ್ತೇನೆ, ನನ್ನನ್ನು ಬಿಟ್ಟುಬಿಡಿ ಎಂದೆ. ಗಂಟಲು ಹರಿಯುವಷ್ಟು ಜೋರಾಗಿ ಕೂಗಿದೆ.

ಅಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ಒಂದಕ್ಷರವೂ ಅವಳಿಗೆ ಕೇಳಿಸಲಿಲ್ಲ. ಆಯ್ತು ಆಯ್ತು ಎಂದು ಹಿಟ್ಟಿನ ಕೈ ಆಡಿಸಿ, ನಕ್ಕು, ನಿಧಾನವಾಗಿ ಮನೆಯ ಕಡೆ ನಡೆದಳು.