ಮುಚ್ಚಳದ ಕಾರ್ಖಾನೆಯಲ್ಲಿ ಯಾರ ಮಾತು

ಅಣ್ಣನದು ಬಾಟಲಿ ಕಾರ್ಖಾನೆ. ಅದರ ಮಡಿಲಲ್ಲೇ ಬೆಳೆದ ಎರಡು ಸಣ್ಣ ಕಂಪನಿಗಳಿದ್ದವು. ಒಂದು ಮುಚ್ಚಳ ಮಾಡುತ್ತಿತ್ತು, ಇನ್ನೊಂದು ಲೇಬಲ್ ಅಚ್ಚು ಹಾಕುತ್ತಿತ್ತು. ಈ ವರ್ಷ ಅವೆರಡನ್ನೂ ಅವನು ಒಂದು ಜಂಟಿ ಕಂಪನಿಗೆ ಒಪ್ಪಿಸಿದ್ದ. ಅರ್ಧ ಪಾಲು ಅವನದು, ಇನ್ನರ್ಧ ಅಡುಗೆ ಎಣ್ಣೆ ಕಂಪನಿಯವರದು. ಇಬ್ಬರೂ ಒಪ್ಪದೆ ಅಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ ಎಂದು ಕರಾರು. ನಡೆಸುವವನು ತಮ್ಮ. ಎಣ್ಣೆಯವರು ಒಪ್ಪಿದ್ದೇ ತಮ್ಮನ ಮುಖ ನೋಡಿ. ಅಣ್ಣನ ಬಾಯಿಗೆ ಹೆದರಿ ಅವರು ಅಲ್ಲಿಯವರೆಗೆ ದೂರವೇ ಇದ್ದರು.

ವರ್ಷದ ಲೆಕ್ಕ ನೋಡಲು ಬಂದ ಆಡಿಟರಮ್ಮ ಆಫೀಸಿನಲ್ಲಿ ಅಣ್ಣ ತಮ್ಮಂದಿರ ಎದುರು ಕೂತು ಅಣ್ಣನಿಗೆ ವಿವರಿಸಿದರು.

"ಅಲ್ಲಿ ನಿಮ್ಮದೇ ಮಾತು ನಡೆಯೋ ಹಿಡಿತ ಕೈ ಬಿಟ್ಟಿದ್ರೆ, ಆ ಎರಡು ಕಂಪನಿಗಳ ಆಸ್ತಿ, ಸಾಲ, ವ್ಯಾಪಾರ ಎಲ್ಲಾ ನಿಮ್ಮ ಲೆಕ್ಕದಿಂದ ಹೊರಗೆ. ಬದಲಿಗೆ ನಿಮ್ಮ ಅರ್ಧ ಪಾಲು ಅಂತ ಒಂದೇ ಸಾಲು ಬರುತ್ತೆ, ಇವತ್ತಿನ ಬೆಲೆಗೆ. ಬೆಲೆ ಏರಿರೋದ್ರಿಂದ ಲಾಭಾನೂ ಕಾಣುತ್ತೆ."

"ಕೈಗೆ ಕಾಸು ಬರದೆ ಲಾಭವಾ? ನಿಮ್ಮ ಓದೇ ಓದು ಕಣಮ್ಮ!"

"ಅದು ಕಾಸಿನ ಲಾಭ ಅಲ್ಲ ಸರ್. ಆದ್ರೆ ಹಿಡಿತ ನಿಜವಾಗ್ಲೂ ಬಿಟ್ಟಿರಬೇಕು. ಕರಾರು ಓದಿದ್ದೀನಿ. ಅಲ್ಲಿ ನಡೆಯೋದನ್ನೂ ಒಂದ್ಸಲ ನೋಡ್ಬೇಕು."

"ಯಾವತ್ತೋ ಬಿಟ್ಟಾಯ್ತು. ಈಗ ಅದು ಇವನ ರಾಜ್ಯ," ಎಂದು ಅಣ್ಣ ತಮ್ಮನ ಬೆನ್ನು ತಟ್ಟಿದ.

ತಮ್ಮ ನಕ್ಕ. ತಲೆ ನೆರೆತ ಮೇಲೆ ಸಿಕ್ಕ ಮೊದಲ ಕುರ್ಚಿ ಅವನಿಗೆ. ಅದು ಹೋದರೆ ಮತ್ತೆ ಅಣ್ಣನ ಹಿಂದೆ ಚೀಲ ಹಿಡಿದು ತಿರುಗಬೇಕು.

ಮೂವರೂ ಮುಚ್ಚಳದ ಕಾರ್ಖಾನೆಗೆ ಹೋದರು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಅಡರಿತು. ಮೆಷಿನ್ನಿನಿಂದ ನೀಲಿ ಮುಚ್ಚಳಗಳು ಪಟಪಟ ಉದುರುತ್ತಿದ್ದವು. ನೀಲಿ ಮುಚ್ಚಳ ಎಣ್ಣೆಯವರಿಗೆ, ಬಿಳಿ ಅಣ್ಣನ ಬಾಟಲಿಗೆ. ಬಿಳಿಯ ಪೆಟ್ಟಿಗೆಗಳು ಖಾಲಿ ಬಿದ್ದಿದ್ದವು.

"ಏಯ್! ಯಾವನೋ ಅವನು ನೀಲಿ ಹಾಕ್ಸಿದ್ದು? ನನ್ನ ಬಾಟ್ಲಿಗಳು ಬಾಯಿ ಬಿಟ್ಕೊಂಡು ನಿಂತಿವೆ ಅಲ್ಲಿ! ನಿಲ್ಸೋ!"

ಆಪರೇಟರ್ ತಟ್ಟನೆ ಗುಂಡಿ ಒತ್ತಿದ. ಪಕ್ಕದಲ್ಲೇ ಇದ್ದ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ಅಣ್ಣಾ, ಈ ವಾರ ನೀಲಿ ಅಂತ ಅವರೂ ನಾನೂ ಕೂತು ಒಪ್ಪಿದ್ದು..."

"ಒಪ್ಪೋಕೆ ನೀನ್ಯಾವ ದೊಡ್ಡ ಮನುಷ್ಯನೋ? ಮೂಗು ಒರೆಸ್ಕೊಳ್ಳೋದು ಕಲಿಸಿದ್ದು ನಾನು!"

ಪ್ಯಾಕಿಂಗ್ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಉಳಿದವರು ತಲೆ ಬಗ್ಗಿಸಿದರು. ಆಗ ಅಣ್ಣನಿಗೆ ಆಡಿಟರಮ್ಮನ ಮುಖ ಕಂಡಿತು. ಅವರು ಅವನನ್ನು ಬಿಟ್ಟು ತಮ್ಮನನ್ನು ಕೇಳಿದರು.

"ಮೆಷಿನ್ ನಿಲ್ಸಿದ್ದು ಯಾರ ತೀರ್ಮಾನ ಸರ್?"

"ನಂದೇ ಮೇಡಂ. ಬೆಳಿಗ್ಗೆನೇ ಅಣ್ಣಂಗೆ ಹೇಳಿದ್ದೆ. ಅವರು ಅದನ್ನೇ ಸ್ವಲ್ಪ ಜೋರಾಗಿ ಹೇಳಿದ್ರು, ಅಷ್ಟೆ," ಎಂದು ತಮ್ಮ ಪೆಚ್ಚಾಗಿ ನಕ್ಕ.

ಅಣ್ಣನ ಕಿವಿ ಕಾದವು. ಇಷ್ಟು ಜನರೆದುರು ಮಾನ ಕಳೆದುಕೊಂಡ ತಮ್ಮ, ಅದನ್ನು ಕಳೆದವನ ಮಾನವನ್ನೇ ಮುಚ್ಚುತ್ತಿದ್ದ. ಸುಮ್ಮನಿದ್ದರೆ ಸಾಕಿತ್ತು, ಲಾಭವೂ ಬರುತ್ತಿತ್ತು, ತಮ್ಮನ ಕುರ್ಚಿಯೂ ಉಳಿಯುತ್ತಿತ್ತು. ಆದರೆ ಆ ಪೆಚ್ಚು ನಗೆಯನ್ನು ಅಣ್ಣನಿಂದ ನೋಡಲಾಗಲಿಲ್ಲ.

"ಸುಳ್ಳು ಹೇಳ್ಬೇಡ ಕಣೋ. ನಾನೇ ಕಣಮ್ಮ. ದಿನಾ ಬಂದು ಹೀಗೇ ಕಿರುಚ್ತೀನಿ. ದಿನಾ ನನ್ನ ಮಾತೇ ನಡೆಯುತ್ತೆ."

"ಹಾಗಾದ್ರೆ ಹಿಡಿತ ಬಿಟ್ಟಿದ್ದೀರಿ ಅಂತ ನಾನು ಒಪ್ಪೋಕಾಗಲ್ಲ. ಎಣ್ಣೆ ಕಂಪನಿಯವರನ್ನೂ ಕೇಳ್ಬೇಕಾಗುತ್ತೆ."

ತಮ್ಮನ ನಗು ಇಳಿಯಿತು. ಅವನು ಅಣ್ಣನತ್ತ ನೋಡದೆ ಆಪರೇಟರನಿಗೆ "ಶುರು ಮಾಡಪ್ಪ" ಎಂದ.

ಆಪರೇಟರನ ಕೈ ಗುಂಡಿಯ ಹತ್ತಿರ ಹೋಗಿ ನಿಂತಿತು. ಅವನು ಅಣ್ಣನ ಮುಖ ನೋಡಿದ. ಹೆಂಗಸರೂ ನೋಡಿದರು. ಈಗ ಹೂಂ ಎಂದರೂ ಅದು ಅಣ್ಣನದೇ ಅಪ್ಪಣೆ, ಬರೀ ತಲೆ ಆಡಿಸಿದರೂ ಅಪ್ಪಣೆ. ಅಣ್ಣ ನೆಲ ನೋಡುತ್ತ ಬಾಗಿಲು ದಾಟಿದ.

ಅಂಗಳದಲ್ಲಿ ನಿಂತು ಕಿವಿಗೊಟ್ಟ. ಮೆಷಿನ್ ಇನ್ನೂ ಸುಮ್ಮನಿತ್ತು. ತಿರುಗಿ ನೋಡಿದರೆ ಆಪರೇಟರ್ ಕಿಟಕಿಯಿಂದ ಕತ್ತು ಚಾಚಿ ಅವನನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಬೀಳದಿರಲು ಅಣ್ಣ ಗೇಟಿನ ಕಡೆಗೆ ಕಳ್ಳನಂತೆ ಓಡಿದ.